ಜಮೆಯಲ್ಲಿದ್ದವಳು ವಂಶಾವಳಿಯಲ್ಲಿಲ್ಲ

ಕಳೆದ ಮಹಾಲಯ ಪಕ್ಷದಲ್ಲಿ, ವಿಜಯವಾಡದ ಸತ್ಯನಾರಾಯಣಪುರದ ನಮ್ಮ ಮನೆಯಲ್ಲಿ, ಪುರೋಹಿತರು ವಾಡಿಕೆಯಂತೆ ಮೂರು ತಲೆಮಾರಿನ ಹೆಸರುಗಳನ್ನು ಕೇಳಿದರು. ತಂದೆ, ಅಜ್ಜ, ಮುತ್ತಜ್ಜ. ಅವರ ಹಿಂದೆಯೇ ತಾಯಿ, ಪಿತಾಮಹಿ, ಪ್ರಪಿತಾಮಹಿ. ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದ ಹೆಸರುಗಳು, ನಾಲಗೆಗೆ ರೂಢಿಯಾದವು. ಆದರೆ ಈ ಸಲ ಆರನೆಯ ಹೆಸರಿನ ಬಳಿ ನನ್ನ ಮಾತು ನಿಂತಿತು. ಪುರೋಹಿತರು ತಲೆಯೆತ್ತಿ ನೋಡಿದರು. ಇಷ್ಟು ವರ್ಷ ಪ್ರಪಿತಾಮಹಿಯ ಸ್ಥಾನದಲ್ಲಿ ನಾನು ಹೇಳುತ್ತಿದ್ದುದು ನನ್ನ ಅಜ್ಜನನ್ನು ಹೆತ್ತವಳ ಹೆಸರಲ್ಲ ಎಂಬುದು ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ನನಗೆ ತಿಳಿದುಬಂದಿತ್ತು.

ಇದು ಒಂದು ಮನೆಯ ವಿಷಯ, ತ್ರೈಮಾಸಿಕದ ಪುಟಗಳಲ್ಲಿ ಇದಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಇತಿಹಾಸವನ್ನು ಬರೆದಿಡಬೇಕೆಂಬ ಉತ್ಸಾಹ ಈಚೆಗೆ ಅಲ್ಲಲ್ಲಿ ಕಾಣುತ್ತಿದೆ. ಸ್ಮರಣಸಂಚಿಕೆಗಳಿಗಾಗಿ ವಂಶಾವಳಿಯ ನಮೂನೆಗಳು ಮನೆಮನೆಗೆ ಬರುತ್ತಿವೆ. ಅಂಥದೊಂದು ನನ್ನ ಮೇಜಿನ ಮೇಲೂ ಇದೆ. ಮೂಲಪುರುಷ, ಅವನ ಮಗ, ಮೊಮ್ಮಗ, ವಲಸೆ ಬಂದ ವರ್ಷ, ಊರು, ಹುದ್ದೆ ಎಂದು ಅಂಕಣಗಳು. ಹೆಂಡತಿಯರಿಗೆ ಅಂಕಣವಿಲ್ಲ, ಇಷ್ಟವಿದ್ದರೆ ಷರಾದಲ್ಲಿ ಬರೆಯಬಹುದು. ಉತ್ಸಾಹ ಒಳ್ಳೆಯದೇ. ಈ ನಮೂನೆಯ ಬಗೆಗೆ ಮಾತ್ರ ನನ್ನದೊಂದು ತಕರಾರಿದೆ. ಅದನ್ನು ಹೇಳಲು ನಮ್ಮ ಮನೆಯ ಟ್ರಂಕನ್ನು ಓದುಗರ ಮುಂದೆ ತೆರೆಯದೆ ಗತ್ಯಂತರವಿಲ್ಲ.

ನನ್ನ ಮುತ್ತಜ್ಜ ಹುಬ್ಬಳ್ಳಿಯ ಕಡೆಯವರು. ಹುಬ್ಬಳ್ಳಿಯಿಂದ ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ನಂದ್ಯಾಲ, ಗುಂಟೂರುಗಳನ್ನು ಹಾದು ಬೆಜವಾಡಕ್ಕೆ ಬರುತ್ತಿದ್ದ ಮೀಟರ್ ಗೇಜ್ ಹಳಿಯೇ ಅನೇಕ ಕನ್ನಡ ಕುಟುಂಬಗಳನ್ನು ಕೃಷ್ಣಾ ತೀರಕ್ಕೆ ತಂದು ಇಳಿಸಿತು. 1908ರಲ್ಲಿ ಸದರ್ನ್ ಮರಾಠಾ ರೈಲ್ವೆಯೂ ಮದರಾಸ್ ರೈಲ್ವೆಯೂ ಕೂಡಿ ಒಂದೇ ಕಂಪನಿಯಾದ ಮೇಲೆ ಹುಬ್ಬಳ್ಳಿಯ ಗುಮಾಸ್ತನನ್ನು ಬೆಜವಾಡಕ್ಕೂ, ಅಲ್ಲಿಂದ ವಾಲ್ಟೇರಿಗೂ ವರ್ಗ ಮಾಡುವುದು ಒಂದು ಕಾಗದದ ಕೆಲಸವಾಯಿತು. ವಾಲ್ಟೇರಿನಾಚೆಗೆ ಬಂಗಾಳ-ನಾಗಪುರ ರೈಲ್ವೆಯ ಸೀಮೆ. ಹೋಟೆಲು ಹಿಡಿದು ಬಂದ ಉಡುಪಿಯವರ ಕಥೆ ಬೇರೆ. ಅವರ ದಕ್ಷಿಣ ಕನ್ನಡವೂ, ನಮ್ಮ ಬಳ್ಳಾರಿಯೂ, ಈ ಬೆಜವಾಡ-ವಿಶಾಖಪಟ್ಟಣಗಳೂ ಆಗ ಒಂದೇ ಮದರಾಸು ಸಂಸ್ಥಾನದೊಳಗಿದ್ದವು. ಹುಬ್ಬಳ್ಳಿಯವರು ಮಾತ್ರ ಮುಂಬಯಿ ಪ್ರಾಂತದಿಂದ ಬಂದವರು. ಲೆಕ್ಕಪತ್ರಗಳನ್ನು ಮೋಡಿಯಲ್ಲಿ ಬರೆಯುವ ಅಭ್ಯಾಸವನ್ನೂ ಜೊತೆಗೆ ತಂದರು.

ಹಳೆಯ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಕೊಟ್ಟಾಗ ಅಟ್ಟದಿಂದ ಇಳಿದ ಟ್ರಂಕಿನಲ್ಲಿ ಮುತ್ತಜ್ಜನ ಮನೆಖರ್ಚಿನ ಪುಸ್ತಕಗಳು ಏಳು ಇದ್ದವು. ಅವುಗಳ ಕೆಳಗೆ ಗುಮಾಸ್ತರ ಪದ್ಧತಿಯಂತೆ ತಂತಿಗೆ ಚುಚ್ಚಿ ಇಟ್ಟ ಕಾಗದದ ತುಣುಕುಗಳು. ಬಾಡಿಗೆಯ ರಸೀದಿಗಳಿರಬೇಕೆಂದು ಭಾವಿಸಿ ರದ್ದಿಯವನಿಗೆ ತೂಗಲು ತೆಗೆದಿಟ್ಟಿದ್ದೆ. ವಿಶಾಖಪಟ್ಟಣದಿಂದ ರಜೆಗೆ ಬಂದಿದ್ದ ಮೊಮ್ಮಗಳು ಅದರಲ್ಲೊಂದನ್ನು ಎತ್ತಿಕೊಂಡು, ತಡವರಿಸುತ್ತ, "ಅಂಗಿಗೆ ಒಂದು ರೂಪಾಯಿ" ಎಂದು ಓದಿದಳು. ಅವಳಿಗೆ ಕನ್ನಡ ಅಕ್ಷರ ಬಾರದು. ಶಾಲೆಯಲ್ಲಿ ಕಲಿತ ತೆಲುಗು ಅಕ್ಷರದ ಬಲದಿಂದಲೇ ಓದಿದಳು. ಎರಡು ಲಿಪಿಗಳ ಸೋದರತ್ವದ ಬಗೆಗೆ ನಮ್ಮ ವೇದಿಕೆಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ. ಅದರ ಪ್ರಯೋಜನವನ್ನು ಕಣ್ಣಾರೆ ಕಂಡದ್ದು ಅಂದೇ.

ಅವು ಮನಿಯಾರ್ಡರಿನ ಕೂಪನ್ನುಗಳು. ಹಣ ಪಡೆದವನ ಕೈಯಲ್ಲಿ ಉಳಿಯುವ ತುಂಡು. ಐವತ್ತೊಂದು ಇದ್ದವು. ಮೊದಲನೆಯದು 1914ರ ಜನವರಿಯದು, ಕೊನೆಯದು 1918ರ ಸೆಪ್ಟೆಂಬರಿನದು. ವಿಶಾಖಪಟ್ಟಣದ ಅಂಚೆಮುದ್ರೆ. ಪ್ರತಿಯೊಂದೂ ನಾಲ್ಕು ರೂಪಾಯಿಯದು. ಸಂದೇಶ ಬರೆಯುವ ಜಾಗದಲ್ಲಿ ದಪ್ಪನೆಯ, ಒಂದಕ್ಕೊಂದು ತಾಗದ ಕನ್ನಡ ಅಕ್ಷರಗಳು: ಫೀಜಿಗೆ, ಪುಸ್ತಕಕ್ಕೆ, ಮುಂಜಿವೆಗೆ ಪಂಚೆ ತರಲು. ಒಂದರಲ್ಲಿ ಅಡಿಗೆ ಕೆಲಸ ಸಿಕ್ಕಿತೆಂದಿದೆ. ಮತ್ತೊಂದರಲ್ಲಿ ಉತ್ತರ ಬರಲಿಲ್ಲವೆಂದು ಎರಡೇ ಪದ. ಕಳಿಸಿದವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಹಣ ಪಡೆದವರು ನನ್ನ ಮುತ್ತಜ್ಜ.

ಅಜ್ಜನ ತಾಯಿಯ ವಿಷಯದಲ್ಲಿ ಮನೆಯಲ್ಲಿದ್ದ ಮಾತು ಒಂದೇ: ಮಗುವನ್ನು ಬಿಟ್ಟು ಓಡಿಹೋದಳು. ಅದನ್ನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಮುತ್ತಜ್ಜ ಎರಡನೆಯ ಮದುವೆ ಮಾಡಿಕೊಂಡರು, ಅಜ್ಜ ಮಲತಾಯಿಯನ್ನೇ ತಾಯಿಯೆಂದು ತಿಳಿದು ಬೆಳೆದರು, ಶ್ರಾದ್ಧದಲ್ಲಿ ಅವಳ ಹೆಸರನ್ನೇ ಹೇಳಿದರು, ನಾವೂ ಹೇಳಿದೆವು.

ಖರ್ಚಿನ ಪುಸ್ತಕಗಳನ್ನು ನಾವಾರೂ ಓದುವಂತಿರಲಿಲ್ಲ. ಧಾರವಾಡದಲ್ಲಿ ಮೋಡಿಯನ್ನು ಬಲ್ಲ ಹಿರಿಯರೊಬ್ಬರಿಗೆ ಪುಟಗಳ ಚಿತ್ರ ತೆಗೆದು ಫೋನಿನಲ್ಲಿ ಕಳಿಸಿದೆ. ಎರಡು ತಿಂಗಳು ಹಿಡಿಯಿತು. ಅವರು ಓದಿ ಬರೆದುಕೊಟ್ಟದ್ದರಲ್ಲಿ 1913ರ ಬೇಸಿಗೆಯ ಪುಟಗಳಲ್ಲಿ ಮದುವೆಯ ವೆಚ್ಚವಿದೆ: ಸೀರೆ, ಅಕ್ಕಿ, ವಾಲಗದವರಿಗೆ ಕೊಟ್ಟದ್ದು. ಅದೇ ವರ್ಷದ ಶ್ರಾವಣದಲ್ಲಿ ಒಂದು ಸಾಲು: ವಾಲ್ಟೇರಿಗೆ ಮೂರನೆಯ ತರಗತಿಯ ತಿಕೀಟು, ಒಂದು. ಅಂದರೆ ಎರಡನೆಯ ಮದುವೆ ಮೊದಲು, ಹೊರಟುಹೋದದ್ದು ಆಮೇಲೆ. ತಿಕೀಟನ್ನು ಕೊಂಡವರೂ ಅವರೇ. ರೈಲ್ವೆಯ ನೌಕರನಾಗಿ, ಹೆಂಡತಿಗೆ ಪಾಸು ದೊರೆಯುತ್ತಿದ್ದಾಗ, ಕಾಸು ಕಾಸಿಗೆ ಲೆಕ್ಕ ಇಟ್ಟ ಆ ಮನುಷ್ಯ ದುಡ್ಡು ಕೊಟ್ಟು ತಿಕೀಟು ಏಕೆ ತೆಗೆದರು? ಪಾಸಿಗೆ ಅರ್ಜಿ ಬರೆದಿದ್ದರೆ ಅವಳ ಹೆಸರನ್ನು ಬರೆಯಬೇಕಾಗುತ್ತಿತ್ತು. ನನಗೆ ತೋರುವ ಕಾರಣ ಅದೊಂದೇ. ಗಂಡಸಿಗೆ ಒಬ್ಬಳಿರುವಾಗ ಇನ್ನೊಬ್ಬಳನ್ನು ತರಲು ಆಗ ಕಾನೂನಿನ ಅಡ್ಡಿಯಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 1946ರಲ್ಲಿ, ಮದರಾಸಿನಲ್ಲಿ 1949ರಲ್ಲಿ ಅದಕ್ಕೆ ನಿಷೇಧ ಬಂತು.

1914ರ ಜನವರಿಯಿಂದ ಪ್ರತಿ ತಿಂಗಳ ಜಮೆಯ ಬದಿಯಲ್ಲಿ 'ವಾಲ್ಟೇರು, ರೂ. 4' ಎಂದು ಬರೆದಿದೆ. ಒಂದು ತಿಂಗಳೂ ತಪ್ಪಿಲ್ಲ. ಕೂಪನ್ನು ಕಳೆದುಹೋದ ತಿಂಗಳುಗಳೂ ಪುಸ್ತಕದಲ್ಲಿವೆ. ನಾಲ್ಕು ರೂಪಾಯಿಯನ್ನು ಲೆಕ್ಕದಿಂದ ಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಅದನ್ನು ಕಳಿಸಿದವಳನ್ನು ಬಿಡಲು ಒಪ್ಪಿತು.

ಹೆಸರಿನ ಗಂಟೊಂದು ಉಳಿದಿತ್ತು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮದುವೆಯಾದಾಗ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ಹುಡುಗಿಯ ಹೆಸರನ್ನೇ ಬದಲಿಸುವ ವಾಡಿಕೆಯಿತ್ತು. ತವರಿನವರು ಕಳಿಸಿದ ಜಾತಕದ ಸುರುಳಿ ಅದೇ ಟ್ರಂಕಿನ ತಳದಲ್ಲಿತ್ತು. ಅದರಲ್ಲಿದ್ದ ಹುಟ್ಟುಹೆಸರೂ ಕೂಪನ್ನಿನ ಹೆಸರೂ ಒಂದೇ. ಬೆಜವಾಡದಲ್ಲಿ ಕೊಟ್ಟ ಹೆಸರನ್ನು ಬೆಜವಾಡದಲ್ಲಿಯೇ ಬಿಟ್ಟು ಅವಳು ರೈಲು ಹತ್ತಿದ್ದಳು.

ಇದನ್ನು ಬೆನ್ನುಹತ್ತಿ ಮಗನ ಮನೆಯಲ್ಲಿ ಎರಡು ತಿಂಗಳಿದ್ದು ವಿಶಾಖಪಟ್ಟಣದಲ್ಲಿ ತಿರುಗಿದೆ. ಅಂಥ ಹುಡುಕಾಟದ ಕಷ್ಟ ಏನೆಂಬುದು ಅಲ್ಲಿ ಅರಿವಾಯಿತು. ಅದೇ ಕಾಲದಲ್ಲಿ ಅದೇ ಊರಿನಲ್ಲಿದ್ದ ಒಬ್ಬ ಇಂಗ್ಲಿಷ್ ಹೆಂಗಸಿನ ಬದುಕನ್ನು ಹುಡುಕುವುದು ಇಷ್ಟು ಕಠಿಣವಲ್ಲ. ಇಗರ್ಜಿಯ ದೀಕ್ಷಾಸ್ನಾನ, ಮದುವೆ, ದಫನುಗಳ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಇಂದಿಗೂ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಮದರಾಸು ಸಂಸ್ಥಾನದ ಗೋರಿಕಲ್ಲುಗಳ ಬರಹಗಳನ್ನೆಲ್ಲ ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ 1905ರಲ್ಲಿಯೇ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಆದರೆ ಅದೇ ಇಗರ್ಜಿಯ ಪುಸ್ತಕಗಳಲ್ಲಿ, ಬಿಳಿಯ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದ ಮಗುವಿನ ದಾಖಲೆಯಲ್ಲಿ, ತಂದೆಯ ಹೆಸರು ಹುದ್ದೆಯೊಡನೆ ಇದ್ದು ತಾಯಿಯ ಹೆಸರು ಇಲ್ಲದಿರುವುದು ಎಷ್ಟೋ ಕಡೆ. ಆದುದರಿಂದ ಇದನ್ನು ಪರಂಗಿಗಳ ಶಿಸ್ತು, ನಮ್ಮ ಅಶಿಸ್ತು ಎಂದು ಮುಗಿಸುವಂತಿಲ್ಲ. ಯಾರ ಹೆಸರು ಆಸ್ತಿಗೆ, ಪಿಂಚಣಿಗೆ, ವಾರಸಿಕೆಗೆ ಬೇಕಾಗಿತ್ತೋ ಅವರ ಹೆಸರು ಉಳಿಯಿತು. ಜನಗಣತಿಯಿಂದ ಉಳಿದದ್ದೂ ಕೂಡಿಸಿದ ಸಂಖ್ಯೆಗಳೇ. ಮನೆಮನೆಯ ಪಟ್ಟಿಗಳನ್ನು ಕಾಪಿಡಲಿಲ್ಲ.

ಬಡವರ ಮನೆಯಲ್ಲಿ ಮಾತ್ರ ಹೀಗೆಂದು ತಿಳಿಯಬಾರದು. ವಿಶಾಖಪಟ್ಟಣದ ಡಾಬಾ ಗಾರ್ಡನ್ಸಿನಲ್ಲಿ ಈಗ ಅಂಗಡಿಗಳೂ ವಾಹನಗಳೂ ಕಿಕ್ಕಿರಿದ ಜಾಗದಲ್ಲಿ ಗೋಡೆ ವೆಂಕಟ ಜಗ್ಗಾರಾವ್ ಎಂಬ ಜಮೀನುದಾರರು 1840ರಲ್ಲಿ ಸ್ವಂತ ಖರ್ಚಿನಿಂದ ಖಗೋಳ ವೀಕ್ಷಣಾಲಯವನ್ನು ಕಟ್ಟಿದ್ದರು. 1856ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ನಡೆಸಿದವರು ಅಳಿಯ ಅಂಕಿತಂ ವೆಂಕಟ ನರಸಿಂಗರಾವ್. 1874ರ ಡಿಸೆಂಬರಿನಲ್ಲಿ ಸೂರ್ಯಬಿಂಬದ ಮೇಲೆ ಶುಕ್ರಗ್ರಹ ಹಾದುಹೋದುದನ್ನು ಅವರು ಅಲ್ಲಿಂದ ವೀಕ್ಷಿಸಿದರು; ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆಗಿದ್ದರು. ಮಾವನ ಕಥೆಯೂ ಅಳಿಯನ ಕಥೆಯೂ ವಿಜ್ಞಾನದ ಇತಿಹಾಸದಲ್ಲಿ ಬಂದಿವೆ. ಮಾವ-ಅಳಿಯಂದಿರ ನಡುವೆ ಒಬ್ಬ ಮಗಳು ಇರಲೇಬೇಕಲ್ಲವೆ? ಅಚ್ಚಯ್ಯಮ್ಮ ಎಂದು ಆಕೆಯ ಹೆಸರು. 1892ರಲ್ಲಿ ಗಂಡ ತೀರಿಕೊಂಡ ಮೇಲೆ ವೀಕ್ಷಣಾಲಯದ ಹೊಣೆ ಆಕೆಯ ಮೇಲೆ ಬಿತ್ತು. ದೂರದರ್ಶಕಗಳ ಅಳತೆಯನ್ನು ಅಂಗುಲಗಳಲ್ಲಿ ಕೊಡುವ ಬರಹಗಳು ಈಕೆಗೆ ಒಂದು ವಾಕ್ಯವನ್ನು ಕೊಟ್ಟು ಮುಂದೆ ಸಾಗುತ್ತವೆ. ತಂದೆಯ ಮನೆ, ಗಂಡನ ಮನೆ, ಕೊನೆಗೆ ತನ್ನ ಹೊಣೆ ಎಂದು ಆ ಗೋಪುರವನ್ನು ಕಂಡಿದ್ದವಳು ಆಕೆಯೊಬ್ಬಳೇ.

ಈ ಬಗೆಯ ಕೆಲಸದಲ್ಲಿ ಹೊರನಾಡ ಕನ್ನಡಿಗರಾದ ನಮಗೆ ಮೇಲ್ಪಂಕ್ತಿಯಿಲ್ಲವೆಂದಲ್ಲ. ನಾವು ಹೆಮ್ಮೆಯಿಂದ ಹೆಸರು ಹೇಳುವ ಬೆಂಗಳೂರು ನಾಗರತ್ನಮ್ಮನವರೇ ಇದ್ದಾರೆ. 1878ರಲ್ಲಿ ನಂಜನಗೂಡಿನ ಸೀಮೆಯಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಮಂದಿರ ಕಟ್ಟಿಸಿ, 1952ರಲ್ಲಿ ತೀರಿಕೊಂಡ ಹೆಣ್ಣುಮಗಳು. ಸಂಘಗಳ ಭಾಷಣಗಳಲ್ಲಿ ಆ ಮಂದಿರದ ಪ್ರಸ್ತಾಪ ತಪ್ಪದೆ ಬರುತ್ತದೆ. ಆಕೆ ಮಾಡಿದ ಇನ್ನೊಂದು ಕೆಲಸದ ಮಾತು ಬರುವುದು ಕಡಿಮೆ. ಹದಿನೆಂಟನೆಯ ಶತಮಾನದ ತಂಜಾವೂರಿನ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯದ ಅಚ್ಚಿನ ಪ್ರತಿ ನಾಗರತ್ನಮ್ಮನವರ ಕೈಗೆ ಬಂತು. ಆಮೇಲೆ ಹಸ್ತಪ್ರತಿಯೂ ದೊರೆಯಿತು. ಹೋಲಿಸಿ ನೋಡಿದಾಗ ಅಚ್ಚು ಹಾಕಿಸಿದವರು ಶೃಂಗಾರದ ಪದ್ಯಗಳನ್ನು ಮಾತ್ರ ಬಿಟ್ಟಿರಲಿಲ್ಲ; ಮುದ್ದುಪಳನಿ ತಾನು ಯಾರ ಮೊಮ್ಮಗಳು, ಯಾರ ಮಗಳು ಎಂದು ಹೇಳಿಕೊಂಡ ಭಾಗವನ್ನೂ ಬಿಟ್ಟಿದ್ದರು. ಅಜ್ಜಿ ತಂಜನಾಯಕಿಯಿಂದ ಹಿಡಿದು ಬಂದ ಆ ವಂಶಾವಳಿ ಅವರಿಗೆ ಬೇಡವಾಗಿತ್ತು. ನಾಗರತ್ನಮ್ಮನವರು ಎಲ್ಲವನ್ನೂ ಸೇರಿಸಿ 1910ರಲ್ಲಿ ವಾವಿಳ್ಳ ಪ್ರಕಾಶನದ ಮೂಲಕ ಹೊರತಂದರು. ಅಶ್ಲೀಲವೆಂದು ಸರಕಾರ ಪುಸ್ತಕವನ್ನು ನಿಷೇಧಿಸಿತು. ಟಂಗುಟೂರಿ ಪ್ರಕಾಶಂ ಮದರಾಸಿನ ಪ್ರಧಾನಿಯಾದ ಮೇಲೆ 1947ರಲ್ಲಿ ನಿಷೇಧ ತೆರವಾಯಿತು. ಕನ್ನಡದ ಮಗಳೊಬ್ಬಳು ತೆಲುಗಿನ ಮಗಳೊಬ್ಬಳಿಗೆ ಅಜ್ಜಿಯನ್ನು ಮರಳಿ ಕೊಟ್ಟದ್ದು ಹೀಗೆ. ಎರಡು ಭಾಷೆಗಳ ಬಾಂಧವ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೂ ನಮ್ಮ ನಮೂನೆಯಲ್ಲಿ ಮೂಲಪುರುಷನಿಗೆ ಮಾತ್ರ ಅಂಕಣ.

ನನ್ನ ನಿಲುವು ಇಷ್ಟು. ಹೊರನಾಡಿನ ಕನ್ನಡ ಕುಟುಂಬದ ಇತಿಹಾಸವನ್ನು ಹುದ್ದೆಗಳ ಪಟ್ಟಿಯಿಂದ ಬರೆಯಲಾಗದು. ಹುದ್ದೆ ಇವರನ್ನು ಇಲ್ಲಿಗೆ ತಂದಿತು, ನಿಜ. ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಮೋಡಿ ಇಟ್ಟುಕೊಂಡಿದ್ದ ಗಂಡಸರ ನಡುವೆ, ತೆಲುಗು ಊರಿನ ಅಂಚೆಕಟ್ಟೆಯಲ್ಲಿ ನಿಂತು ಐವತ್ತೊಂದು ಸಲ ಕನ್ನಡದಲ್ಲಿ ಬರೆದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಆ ಕಾಲದ್ದೆಂದು ನಮ್ಮ ಮನೆಯಲ್ಲಿ ಉಳಿದಿರುವ ಕನ್ನಡ ಬರಹ ಅದೊಂದೇ. ನವೆಂಬರ್ 1 ಕರ್ನಾಟಕಕ್ಕೂ ಆಂಧ್ರಪ್ರದೇಶಕ್ಕೂ 1956ರ ಒಂದೇ ಹುಟ್ಟುದಿನ ಎಂದು ನಾವು ಪ್ರತಿವರ್ಷ ನೆನಪಿಸಿಕೊಳ್ಳುತ್ತೇವೆ. ಬಳ್ಳಾರಿಯ ಯಾವ ತಾಲ್ಲೂಕು 1953ರಲ್ಲಿ ಯಾವ ಕಡೆ ಹೋಯಿತೆಂಬುದನ್ನು ಬೆರಳೆಣಿಸಿ ಹೇಳಬಲ್ಲ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ತಮ್ಮ ಅಜ್ಜಿಯ ಹುಟ್ಟುಹೆಸರನ್ನು ಕೇಳಿದರೆ ಅವರೇ ತಡವರಿಸುತ್ತಾರೆ, ನಾನೂ ಅವರಲ್ಲೊಬ್ಬನಾಗಿದ್ದೆ.

ಸಂಘಗಳು ಸನ್ಮಾನದ ಶಾಲುಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಮನೆಗಳನ್ನು ಕೆಡಹುವ ಮುನ್ನ ಅಟ್ಟದ ಕಾಗದಗಳನ್ನು ನೋಡುವ ಏರ್ಪಾಡು ಮಾಡಿದರೆ ಸಾಕು. ಕೇವಲ ಕ್ರಯಪತ್ರ, ನೇಮಕಾತಿ ಪತ್ರಗಳನ್ನಲ್ಲ. ಜಾತಕ, ಬಾಣಂತಿತನದ ಖರ್ಚಿನ ಚೀಟಿ, ಒಡವೆ ಅಡವಿಟ್ಟ ರಸೀದಿ, ಪ್ರಾವಿಡೆಂಟ್ ಫಂಡಿನ ನಾಮನಿರ್ದೇಶನ, ಗಯೆಯಲ್ಲಿ ಪಂಡರ ವಹಿಯಿಂದ ಬರೆಸಿಕೊಂಡು ಬಂದ ಹಾಳೆ: ಹೆಂಗಸರು ಇರುವುದು ಇಂಥ ಕಡೆ. ಮೋಡಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಓದಿಸಬೇಕು.

ಸತ್ತವರ ಮನೆಮಾತನ್ನು ಬೀದಿಗೆ ತರುವುದೇಕೆ ಎಂದು ಬಂಧುವೊಬ್ಬರು ನನ್ನನ್ನು ಕೇಳಿದರು. ಇದು ಅಲ್ಲಗಳೆಯುವ ಮಾತಲ್ಲ. ಅದಕ್ಕಾಗಿಯೇ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆದರೆ "ಓಡಿಹೋದಳು" ಎಂಬ ಮಾತು ನೂರು ವರ್ಷ ನಮ್ಮ ಮನೆಯಲ್ಲಿ ಓಡಾಡಿದಾಗ ಅದು ಮನೆಮಾತೆಂದು ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಇನ್ನೊಬ್ಬರು, ಉತ್ಸಾಹಿ ತರುಣರು, ಇವಳನ್ನು ಸ್ವಾವಲಂಬಿ ಮಹಿಳೆಯೆಂದು ಬಣ್ಣಿಸಿ ನಾಟಕ ಬರೆಯಬೇಕೆಂದರು. 1918ರ ಅಕ್ಟೋಬರಿನಲ್ಲಿ ಸಂಸ್ಥಾನದ ತುಂಬ ಇನ್‌ಫ್ಲುಯೆಂಜಾ ಮಾರಿ ಹಬ್ಬಿತ್ತು, ಕೂಪನ್ನು ನಿಂತದ್ದೂ ಆಗಲೇ, ಕೊನೆಯ ಅಂಕಕ್ಕೆ ಬೇರೇನು ಬೇಕು ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ಕೂಪನ್ನು ನಿಂತಿತೆಂಬುದಷ್ಟೇ ದಾಖಲೆ. ಮುತ್ತಜ್ಜ ತಮಗೆ ಬೇಕಾದ ಕಥೆಯನ್ನು ಅವಳ ಮೇಲೆ ಹೇರಿದರು. ನಾವು ನಮಗೆ ಬೇಕಾದುದನ್ನು ಹೇರುವುದು ಬೇಡ.

ಇದೆಲ್ಲಕ್ಕಿಂತ ಬಿಡಿಸಲು ಕಷ್ಟವಾದದ್ದು ಬೇರೆಯದೇ. ಎರಡನೆಯವಳೂ ನನಗೆ ಮುತ್ತಜ್ಜಿಯೇ. ಹೊಟ್ಟೆಯಲ್ಲಿ ಹುಟ್ಟದ ನನ್ನ ಅಜ್ಜನನ್ನು ಸಾಕಿದವಳು. ಅವಳದೂ ಹನ್ನೆರಡರ ವಯಸ್ಸಿನಲ್ಲಿ ಯಾರೂ ಕೇಳದೆ ಆದ ಮದುವೆ. ಒಬ್ಬಳನ್ನು ಬರೆದುಕೊಂಡು ಇನ್ನೊಬ್ಬಳನ್ನು ಅಳಿಸಿದರೆ ನಾನೂ ಮುತ್ತಜ್ಜನ ಕೆಲಸವನ್ನೇ ಮಾಡಿದಂತೆ. ಮಹಾಲಯದ ದಿನ ಪುರೋಹಿತರಿಗೆ ವಿಷಯವನ್ನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಬ್ಬರನ್ನೂ ಒಂದೇ ಸ್ಥಾನದಲ್ಲಿ ಸೇರಿಸಿ ಹೇಳಲು ಅಡ್ಡಿಯಿಲ್ಲವೆಂದರು. ಮೊದಲನೆಯವಳಿಗೆ ಯಾವ ಹೆಸರು, ಹುಟ್ಟಿದ್ದೋ ಇಟ್ಟದ್ದೋ ಎಂದು ಕೇಳಿದರು. ಅವಳು ಬರೆದದ್ದು ಎಂದೆ. ಪ್ರಪಿತಾಮಹಿಯ ಸ್ಥಾನ ಮೂರನೆಯದು, ಕೊನೆಯದು. ನನ್ನ ಮಗ ಮಾಡುವ ಶ್ರಾದ್ಧದಲ್ಲಿ ಎಲ್ಲರೂ ಒಂದೊಂದು ಮೆಟ್ಟಿಲು ಹಿಂದೆ ಸರಿಯುತ್ತಾರೆ. ಅವಳ ಹೆಸರು ಪಟ್ಟಿಯ ಹೊರಗೆ ಹೋಗುತ್ತದೆ. ಅವಳ ಹೆಸರು ಹೇಳುವ ಸರದಿಯಿದ್ದ ಮೂರು ತಲೆಮಾರಿನಲ್ಲಿ ಅಜ್ಜ ಹೇಳಲಿಲ್ಲ, ಅಪ್ಪ ಹೇಳಲಿಲ್ಲ, ನಾನು ಒಂದು ಸಲ ಹೇಳಿದೆ.

ತೊಂಬತ್ತು ದಾಟಿದ ನನ್ನ ಸೋದರತ್ತೆ ಇದೇ ಊರಿನಲ್ಲಿದ್ದಾರೆ. ಕಣ್ಣು ಮಂಜು, ಕಿವಿ ಚುರುಕು. ನಮೂನೆಯನ್ನು ಅವರ ಮುಂದೆ ಇಟ್ಟುಕೊಂಡು ತುಂಬಲು ಕುಳಿತೆ. ಹಾಳೆಯ ಬದಿಗೆ ಗೆರೆ ಎಳೆದು ಇಬ್ಬರು ಮುತ್ತಜ್ಜಿಯರಿಗೂ ಜಾಗ ಮಾಡಿದೆ. ಹೆಸರು, ತವರೂರು ಬರೆದೆ. ಮುಂದಿನದು ಹುದ್ದೆಯ ಅಂಕಣ. ಎರಡನೆಯವಳಿಗೆ ಏನು ಬರೆಯಲಿ ಎಂದು ಕೇಳಿದಾಗ, "ನಿಮ್ಮ ಅಜ್ಜನ್ನ ಸಾಕಿದಾಕಿ ಅಂತ ಬರಿ" ಎಂದರು. ಮೊದಲನೆಯವಳಿಗೆ ಎಂದೆ. ಕೂಪನ್ನಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರುತ್ತ ಕುಳಿತಿದ್ದವರು ಹೇಳಿದರು:

"ತಿಂಗಳಾ ನಾಕು ರೂಪಾಯಿ ಕಳಸ್ತಿದ್ಲು ಅಂತ ಬರಿ."